ತವರಿನ ವಿಳಾಸ ಎತ್ತಿಡುವ ದಾನೇಶ್ವರಿ

ಸೇಡಂನ ಹಳೆಯ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ರಾತ್ರಿ ಬಿದ್ದ ಮಳೆಗೆ ಅಂಗಳದ ಫರಸಿ ಕಲ್ಲುಗಳು ತೊಳೆದಿಟ್ಟ ತಾಟಿನಂತೆ ಹೊಳೆಯುತ್ತಿವೆ. ಊರವರು 'ಅವ್ವನ ಪ್ರಸಾದನಿಲಯ' ಎಂದು ಕರೆಯುವ ಬಾಲಕಿಯರ ವಸತಿನಿಲಯದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಗಿದೆ. ಅದಕ್ಕೆ ಹೊಂದಿಕೊಂಡ ಪುಟ್ಟ ಕೋಣೆಯಲ್ಲಿ ಹಳೆಯದೊಂದು ಕಂಪ್ಯೂಟರ್ ಗೊರಗೊರ ಎನ್ನುತ್ತ ಕಣ್ಣು ಬಿಡುತ್ತಿದೆ. ಅದರ ಮುಂದೆ ಕುಳಿತ ದಾನೇಶ್ವರಿ ಹಣೆಗೆ ವಿಭೂತಿ ಹಚ್ಚಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮೌಸ್ ಹಿಡಿಯುತ್ತಾರೆ.

ಪರದೆಯ ಮೇಲೆ ಮೇಲ್ ಪ್ರೋಗ್ರಾಂ ಬಿಚ್ಚಿಕೊಳ್ಳುತ್ತದೆ. ಎಷ್ಟೋ ವರ್ಷಗಳ ಹಿಂದೆ ಹುಡುಗಿಯೊಬ್ಬಳು ಅಂಕಪಟ್ಟಿ ಕಳಿಸಿಕೊಡಿ ಎಂದು ಬರೆದ ನಾಲ್ಕು ಸಾಲಿನ ಪತ್ರ ಅದರಲ್ಲಿದೆ. ದಾನೇಶ್ವರಿ ಅವಳ ಹೆಸರಿನ ಮೇಲೆ ಒತ್ತಿ, ಹೆಸರನ್ನು ಬಿಟ್ಟು ವಿಳಾಸವನ್ನಷ್ಟೇ ಎತ್ತಿಕೊಳ್ಳುತ್ತಾರೆ. ಅದನ್ನು ಮೊದಲು ನೋಟ್‌ಪ್ಯಾಡಿನ ಖಾಲಿ ಹಾಳೆಗೆ ಹಾಕಿ, ತಲೆ ಬಾಲ ನೋಡಿ, ಮತ್ತೆ ಎತ್ತಿ ಹೊಸ ಪತ್ರದ ನೆತ್ತಿಯ ಮೇಲೆ ಇಡುತ್ತಾರೆ. ಆಮೇಲೆ ಅಡುಗೆಮನೆಯ ಕಡೆ ಮುಖ ಮಾಡಿ ಕೂಗುತ್ತಾರೆ.

"ಶಹರಬಾನು, ದಂಡೋತಿ."

ರೊಟ್ಟಿ ಬಡಿಯುವ ಕೈ ನಿಲ್ಲುವುದಿಲ್ಲ. ಸದ್ದಿನ ನಡುವೆಯೇ ಉತ್ತರ ಬರುತ್ತದೆ. "ಮಳಿ ಬಂದ್ರ ಅಳಾಕಿ ಅಕಿ. ಕಾಗಿಣಾ ಹೊಳಿ ತುಂಬಿ ಬಂದ್ರ ಊರಿಗಿ ಹ್ಯಾಂಗ ಹೋಗ್ಲಿ ಅಂತ. ಈ ಸಲ ಹೊಳಿ ಇಳದದ, ಅಂಜಬ್ಯಾಡ, ಬಾ ಅಂತ ಬರಿ."

ದಾನೇಶ್ವರಿ ಅದನ್ನೇ ಬರೆಯುತ್ತಾರೆ. ಒಂದು ಪತ್ರ ಹೋಗುತ್ತದೆ. ಮತ್ತೊಂದು ಹೆಸರು ಕೂಗುತ್ತಾರೆ. ಅತ್ತ ಒಂದು ರೊಟ್ಟಿ, ಇತ್ತ ಒಂದು ವಿಳಾಸ. ಶರಣರ ನಾಮಾವಳಿಯನ್ನು ಒಬ್ಬರು ಹೇಳಿ ಇನ್ನೊಬ್ಬರು ಮರುನುಡಿಯುವ ಹಾಗೆ ಈ ಕೆಲಸ ಸಾಗುತ್ತದೆ. ಒಳಗಿನಿಂದ ಉತ್ತರ ಕೊಡುತ್ತಿರುವವರು ಶಿವಕಾಂತಮ್ಮ. ಎಪ್ಪತ್ತು ದಾಟಿದ ಜೀವ. ಈ ನಿಲಯದಲ್ಲಿ ಉಂಡು ಓದಿದ ಎಲ್ಲ ಹುಡುಗಿಯರ ಹಸಿವನ್ನೂ ಹಟವನ್ನೂ ಬಲ್ಲ ಅಡುಗೆಯವ್ವ. ಅವರ ಕಣ್ಣು ಈಗ ಮಂಜಾಗಿದೆ, ನೆನಪು ಮಾತ್ರ ಮಾಸಿಲ್ಲ.

ನಾಗರ ಪಂಚಮಿ ಹತ್ತಿರ ಬಂದಿದೆ. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಉಂಡಿ ಕಟ್ಟಬೇಕು, ಜೋಳದ ಅಳ್ಳು ಹುರಿಯಬೇಕು, ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಬೇಕು. ಅದಕ್ಕೆಲ್ಲ ಮೊದಲು ಕರೆ ಹೋಗಬೇಕು. ಕರೆಯದೆ ಮಗಳು ತವರಿನ ಹೊಸ್ತಿಲು ತುಳಿಯುವುದಿಲ್ಲ. ಅಣ್ಣನೋ ತಮ್ಮನೋ ಬಂದು "ನಡಿ ತಂಗಿ" ಅನ್ನಬೇಕು. ಈ ನಿಲಯದಲ್ಲಿ ಓದಿಹೋದ ಹೆಣ್ಣುಮಕ್ಕಳಿಗೆ ಆ ಅಣ್ಣನ ಕೆಲಸ ಮಾಡುತ್ತಿರುವವರು ದಾನೇಶ್ವರಿ.

ಫೋನ್ ಮಾಡಿದರೆ ಆಗುವುದಿಲ್ಲವೇ ಎಂದು ಕೇಳಿದವರಿಗೆ ಅವರ ಉತ್ತರ ಸಿದ್ಧವಿದೆ. "ಗಂಡುಹುಡುಗರ ನಂಬರ್ ಹಂಗೇ ಇರ್ತಾವ್ರಿ. ಹೆಣ್ಣಮಕ್ಕಳದು ಹಂಗಲ್ಲ. ಲಗ್ನ ಆದ ಕೂಡ್ಲೆ ಸಿಮ್ ಬದಲ್, ಮನಿ ಬದಲ್, ಅಡ್ಡಹೆಸರೂ ಬದಲ್. ಆದ್ರ ಪರೀಕ್ಷಾ ಅರ್ಜಿಗಂತ ಇಲ್ಲಿ ಕುಂತು ಮಾಡಿದ ಮೇಲ್ ವಿಳಾಸ ಅದ ನೋಡ್ರಿ, ಅದರಾಗ ಅಕಿ ತವರೂರ ಹೆಸರು ಹಂಗೇ ಕುಂತಿರ್ತದ. ಅದನ್ನ ಯಾವ ಗಂಡನೂ ಬದಲ್ ಮಾಡಂಗಿಲ್ಲ."

ಈ ಸೀಮೆಯ ಅಡ್ಡಹೆಸರುಗಳು ಊರಿನ ಹೆಸರುಗಳೇ. ದಂಡೋತಿಯವಳ ಹೆಸರಿನ ಮುಂದೆ ದಂಡೋತಿ, ಭಂಕೂರಿನವಳ ಮುಂದೆ ಭಂಕೂರ. ಮದುವೆಯ ಕರೆಯೋಲೆಯಲ್ಲಿ ಅಳಿಸಿಹೋದ ಊರು ಮೇಲ್ ವಿಳಾಸದಲ್ಲಿ ಉಳಿದಿದೆ.

ಆದರೆ ಆ ವಿಳಾಸಗಳು ಒಂದೇ ಕಡೆ ಇಲ್ಲ. ಪ್ರಸಾದನಿಲಯದ ಶಾಖೆಗಳು ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲೂ ಇವೆ. ಶಿವಕಾಂತಮ್ಮ ಆ ಎಲ್ಲ ಊರುಗಳ ಒಲೆಗಳನ್ನೂ ಒಂದೊಂದು ಕಾಲಕ್ಕೆ ಉರಿಸಿದವರು. ಹಿಂದಿನ ಮೇಲ್ವಿಚಾರಕ ಗುರುಲಿಂಗಯ್ಯನವರು ಅರ್ಜಿಗಳೆಲ್ಲ ಆನ್‌ಲೈನ್ ಆದ ಕಾಲಕ್ಕೆ ಪ್ರತಿ ಶಾಖೆಗೂ ಒಂದು ಕಂಪ್ಯೂಟರ್ ಕೂಡಿಸಿ, ಅದರಲ್ಲೊಂದು ಮೇಲ್ ಪ್ರೋಗ್ರಾಂ ಹಾಕಿಕೊಟ್ಟರು. ಬಂದ ಪತ್ರಗಳು ಆಯಾ ಕಂಪ್ಯೂಟರಿನ ಹೊಟ್ಟೆಯಲ್ಲೇ ಉಳಿದವು. ವಿಳಾಸ ಬರೆದಿಡುವ ಪುಟವನ್ನು ಯಾರೂ ತುಂಬಲಿಲ್ಲ. ಹಾಗಾಗಿ ಒಂದೊಂದೇ ಪತ್ರ ತೆರೆದು ಒಂದೊಂದೇ ವಿಳಾಸ ಎತ್ತುವುದನ್ನು ಬಿಟ್ಟರೆ ಬೇರೆ ದಾರಿ ಇಲ್ಲ.

ವಾರದ ಒಂದೊಂದು ದಿನ ಒಂದೊಂದು ಊರು. ವಾಡಿ, ಚಿತ್ತಾಪುರಗಳಿಗೆ ಪ್ಯಾಸೆಂಜರ್ ರೈಲು. ಶಹಾಬಾದಕ್ಕೆ ವಾಡಿಯಲ್ಲಿ ಗಾಡಿ ಬದಲು. ಚಿಂಚೋಳಿಗೆ ಬಸ್ಸು. ಎಲ್ಲಿ ಹೋದರೂ ಬೆಳಗಿನ ಜಾವಕ್ಕೇ ಕೆಲಸ ಶುರು ಮಾಡುತ್ತಾರೆ, ಹಿಂದಿನ ರಾತ್ರಿಯೇ ಹೋಗಿ ಹುಡುಗಿಯರ ಜೊತೆ ಉಂಡು ಮಲಗುತ್ತಾರೆ. ಹುಡುಗಿಯರು ಎದ್ದು ಪ್ರಾರ್ಥನೆ ಮುಗಿಸಿ ಫೋನ್ ಕೈಗೆತ್ತಿಕೊಂಡರೆ ನೆಟ್ಟು ಪೂರಾ ಅವರ ಪಾಲು ಎಂಬುದು ಅವರ ದೂರು. ದೂರು ಹೇಳುವಾಗಲೂ ನಗುತ್ತಾರೆ.

ಎತ್ತೋದು, ಇಡೋದು. ಕಾಪಿ, ಪೇಸ್ಟ್ ಎಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ. ಈ ಎರಡು ಶಬ್ದ ಬಂದದ್ದು ಭಂಕೂರಿನಿಂದ. ಅವರ ತಂದೆ ಚಂದ್ರಾಮಪ್ಪ ಶಹಾಬಾದ ಸುತ್ತಲಿನ ಖಣಿಗಳಲ್ಲಿ ಫರಸಿ ಎಬ್ಬಿಸಿ, ಊರೂರ ಮನೆಗಳಿಗೆ ಹಾಸುತ್ತಿದ್ದವರು. ಕಲ್ಲು ಎತ್ತುವಾಗ ಅಂಚು ಮುಕ್ಕಾಗಬಾರದು, ಇಡುವಾಗ ಕೆಳಗೆ ಹರಳು ಸಿಗಬಾರದು ಎಂಬುದು ಅವರು ಮಗಳಿಗೆ ಕಲಿಸಿದ ಪಾಠ. ನಿಲಯದ ಅಂಗಳದ ಕಲ್ಲುಗಳನ್ನು ಹಾಸಿದವರೂ ಅವರೇ. ಕೂಲಿಯ ಬದಲು ಮಗಳನ್ನು ಇಲ್ಲಿ ಓದಲು ಬಿಟ್ಟುಹೋದರು.

"ಇದೂ ಹಂಗೇರಿ," ಎನ್ನುತ್ತಾರೆ ದಾನೇಶ್ವರಿ. "ಇಡೀ ಸಾಲು ಗಸಕ್ಕನ ಎಳದು ಎತ್ತಿದ್ರ ಹೆಸರು, ಕಂಸು, ಚುಕ್ಕಿ ಎಲ್ಲಾ ಕಚ್ಚಿಕೊಂಡು ಬರ್ತಾವ. ಬಾಲದಾಗ ಒಂದು ಖಾಲಿ ಜಾಗ ಅಂಟಿದ್ರೂ ಸಾಕು, ಪತ್ರ ತಿರಗಿ ಮಾರಿಗೇ ಬರ್ತದ. ಅದಕ್ಕ ಮೊದಲ ನೋಟ್‌ಪ್ಯಾಡಿನಾಗ ಹಾಕಿ ಕೇರ್ತೀನಿ. ಹೊಟ್ಟು ಹಾರ್ತದ, ಕಾಳು ಉಳೀತದ."

ಈ ಕೆಲಸ ಅವರಿಗೆ ಸುಲಭವಾಗಿ ದಕ್ಕಿದ್ದಲ್ಲ. ಪಿಯುಸಿ ಮುಗಿಸಿ, ದಂಡೋತಿಯ ಸಿದ್ಧಲಿಂಗನನ್ನು ಮದುವೆಯಾಗಿ ಹೋದ ಮೇಲೆ ಹತ್ತು ವರ್ಷ ಹೊಲವೇ ಅವರ ಜಗತ್ತು. ಹೊಳೆಯ ನೀರು ಹೊಲಕ್ಕೆ ನುಗ್ಗಿ ತೊಗರಿ ಕೊಳೆತ ವರ್ಷ, ನಿಲಯದಲ್ಲಿ ಕೆಲಸವಿದೆ, ಅರ್ಜಿ ಹಾಕು ಎಂದು ಗುರುಲಿಂಗಯ್ಯನವರು ಹೇಳಿಕಳಿಸಿದರು. ಬಂದ ಹೊಸತರಲ್ಲಿ ಮೌಸ್ ಮೇಜಿನ ಅಂಚಿಗೆ ಬಂದಾಗಲೆಲ್ಲ ಕೆಳಗೆ ಬೀಳುತ್ತದೆಂದು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರಂತೆ. ಅತ್ತೆ ಹಣಮಮ್ಮ ಇಂದಿಗೂ ಈ ಕೆಲಸವನ್ನು ಕೆಲಸವೆಂದು ಒಪ್ಪಿಲ್ಲ. ಎತ್ತೋದು ಇಡೋದೇ ಆದರೆ ನಮ್ಮ ಹೊಲದಲ್ಲಿ ಕಲ್ಲಿಗೇನು ಕಮ್ಮಿ ಎಂದು ಬಂದವರೆದುರಿಗೆಲ್ಲ ಕೇಳುತ್ತಾರೆ. ಸಿದ್ಧಲಿಂಗನದು ಇನ್ನೊಂದು ರೀತಿ. ಹೆಂಡತಿಯ ಬಲಗೈ ಮಣಿಕಟ್ಟು ಊದಿಕೊಂಡ ದಿನ ಎಳ್ಳೆಣ್ಣೆ ತಿಕ್ಕುತ್ತ, ಊರ ಹೆಣ್ಣುಮಕ್ಕಳನ್ನೆಲ್ಲ ಕರೆಯುವಾಕೆ ತನ್ನನ್ನು ಮಾತ್ರ ಊಟಕ್ಕೂ ಕರೆಯುವುದಿಲ್ಲ ಎಂದು ಛೇಡಿಸುತ್ತಾನೆ.

ಎಲ್ಲರ ವಿಳಾಸವನ್ನೂ ಒಂದೇ ಪತ್ರದ ಮೇಲೆ ಸುರಿದು ಕಳಿಸಬಹುದಲ್ಲ ಎಂಬ ಸಲಹೆ ನಿಲಯದ ಹಿರಿಯರಿಂದಲೂ ಬಂದದ್ದುಂಟು. ಅದನ್ನು ದಾನೇಶ್ವರಿ ಒಪ್ಪಲಿಲ್ಲ. ಓಣಿಯಲ್ಲಿ ಡಂಗುರ ಹೊಡೆದರೆ ಅದು ಕರೆ ಆಗುವುದಿಲ್ಲ. ಮನೆಗೆ ಹೋಗಿ, ಹೆಸರು ಹಿಡಿದು, ಕುಂಕುಮ ಹಚ್ಚಿ ಕರೆಯಬೇಕು. ಕಂಪ್ಯೂಟರಿನಲ್ಲಿ ಕುಂಕುಮ ಹಚ್ಚಲು ಬರುವುದಿಲ್ಲ, ಅದಕ್ಕೇ ಶಿವಕಾಂತಮ್ಮನವರ ಒಂದು ಮಾತು.

ಆ ಒಂದು ಮಾತಿನ ಪದ್ಧತಿ ಹುಟ್ಟಿದ್ದು ಹೋದ ವರ್ಷದ ಒಂದು ತಪ್ಪಿನಿಂದ. ಆ ತಪ್ಪಿನ ಸುದ್ದಿ ನಿಲಯದಲ್ಲಿ ಎಲ್ಲರಿಗೂ ಗೊತ್ತು.

ಕರೆಯುವ ಪದ್ಧತಿಯಲ್ಲಿ ಒಂದು ನಿಯಮವಿದೆ. ಮನೆಯ ಹಿರಿಯಳಿಗೆ ಕುಂಕುಮ ಹಚ್ಚಿದರೆ ಆ ಮನೆಯವರನ್ನೆಲ್ಲ ಕರೆದಂತೆಯೇ. ಚಿಂಚೋಳಿಯ ಕಂಪ್ಯೂಟರಿನಲ್ಲಿ ದಾನೇಶ್ವರಿಗೆ ಎರಡು ಪತ್ರ ಸಿಕ್ಕವು. ಒಂದು ದೇವಿಕಾ ಐನಾಪುರ, ಇನ್ನೊಂದು ಲಕ್ಷ್ಮಿ ಐನಾಪುರ. ಒಂದೇ ಊರು, ಒಂದೇ ವಾರ ಬರೆದ ಪತ್ರ, ಕೋಣೆಯೂ ಒಂದೇ. ಅಕ್ಕತಂಗಿಯರು ಎಂದುಕೊಂಡರು. ಹಿರಿಯಳಾದ ದೇವಿಕಾಳ ವಿಳಾಸ ಎತ್ತಿ ಕರೆ ಕಳಿಸಿದರು, ಲಕ್ಷ್ಮಿಯ ಪತ್ರವನ್ನು ಮುಚ್ಚಿದರು.

ಅವರು ಅಕ್ಕತಂಗಿಯರಲ್ಲ. ಊರಷ್ಟೇ ಒಂದು. ಲಕ್ಷ್ಮಿಗೆ ತಂದೆತಾಯಿ ಇಲ್ಲ. ಸಾಕಿದ ಅಜ್ಜಿಯೂ ತೀರಿದ ಮೇಲೆ ಐನಾಪುರದಲ್ಲಿ ಅವಳಿಗಾಗಿ ತೆರೆಯುವ ಬಾಗಿಲು ಯಾವುದೂ ಉಳಿದಿರಲಿಲ್ಲ. ಪಂಚಮಿಯ ದಿನ ದೇವಿಕಾ ಬಂದು, ಬುತ್ತಿ ಬಿಚ್ಚುತ್ತ, ಲಕ್ಷ್ಮಿ ಎಲ್ಲಿ ಎಂದು ಕೇಳಿದಾಗಲೇ ದಾನೇಶ್ವರಿಗೆ ತಿಳಿದದ್ದು. ದೇವಿಕಾ ಯಾರಿಂದಲೋ ನಂಬರ್ ಪಡೆದು ಫೋನ್ ಹಚ್ಚಿದಳು. ತಾಂಡೂರಿನಿಂದ ಬಂದ ದನಿಯನ್ನು ಅಡುಗೆಮನೆಯಲ್ಲಿ ನಿಂತ ಎಲ್ಲರೂ ಕೇಳಿಸಿಕೊಂಡರು. "ಎಲ್ಲಾರಿಗೂ ಕರೆ ಬಂದದಂತ ಗೊತ್ತಾಯ್ತಕ್ಕಾ. ಮೇಲ್ ತೆಗದು ತೆಗದು ನೋಡ್ದೆ. ನನಗ ಇರೋದು ಅದೊಂದೇ ತವರ. ಕರೀಲಾರದ ಮನಿಗಿ ಹ್ಯಾಂಗ ಬರ್ಲಿ?"

ದಾನೇಶ್ವರಿ ಆ ಮಾತು ಹೇಳುವಾಗ ಮೌಸ್ ಬಿಟ್ಟು ಕೈ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. "ನಮ್ಮಪ್ಪ ತೀರಿಕೊಂಡ ವರ್ಷ ನನಗೂ ಭಂಕೂರಿನಿಂದ ಕರೆ ಬರಲಿಲ್ರಿ. ದಂಡೋತಿ ಹೊಸ್ತಿಲ ಮ್ಯಾಲ ಕುಂತು ಬಸ್ ಎಣಿಸೀನಿ. ಆ ಸಂಕಟ ಏನಂತ ಗೊತ್ತಿದ್ದಾಕಿ ನಾ. ನನ್ನ ಕೈಯಿಂದೇ ಅದು ಮತ್ತೊಬ್ಬಾಕಿಗಿ ಆಯ್ತು. ಹೆಸರು ಕೂಗಿದ್ರ ಅಡಗಿ ಅವ್ವ ಹೇಳ್ತಿದ್ದಳು, ನಾ ಕೂಗಲೇ ಇಲ್ಲ."

ಅಂದಿನಿಂದ ಯಾವ ವಿಳಾಸವನ್ನೂ ಅವರು ಸುಮ್ಮನೆ ಎತ್ತುವುದಿಲ್ಲ, ಸುಮ್ಮನೆ ಬಿಡುವುದೂ ಇಲ್ಲ. ಪ್ರತಿಯೊಂದನ್ನೂ ಕೂಗುತ್ತಾರೆ. ಬೇರೆ ಊರಿನಲ್ಲಿದ್ದರೆ ಫೋನಿನಲ್ಲಿ ಕೂಗುತ್ತಾರೆ. ಈ ವರ್ಷದ ಮೊದಲ ಹೆಸರೇ ಲಕ್ಷ್ಮಿ, ಐನಾಪುರ. ಶಿವಕಾಂತಮ್ಮ ಆಗ ಬಡಿಯುವುದನ್ನು ನಿಲ್ಲಿಸಿ ಹೇಳಿದರಂತೆ: "ಅಂಚು ಸುಟ್ಟ ರೊಟ್ಟಿನೇ ಬೇಕಂತ ಜಿದ್ ಮಾಡಾಕಿ. ಹೋದ ವರ್ಷದ್ದೂ ಸೇರ್ಸಿ ಸುಟ್ಟು ಇಡ್ತೀನಿ, ಬಾ ಅಂತ ಬರಿ." ಪತ್ರ ಹೋಯಿತು. ತಿರುಗಿ ಬರಲಿಲ್ಲ, ಅಂದರೆ ಮುಟ್ಟಿದೆ. ಉತ್ತರವೂ ಬರಲಿಲ್ಲ. ಉಳಿದವರ ಉತ್ತರಗಳು ದಿನವೂ ಬೀಳುತ್ತಿವೆ. ಬರ್ತೀವಿ, ಕೂಸು ಕರಕೊಂಡು ಬರ್ತೀವಿ, ಜೋಕಾಲಿ ಹಗ್ಗ ಗಟ್ಟಿ ಇರಲಿ, ಈಗ ನಾ ದಪ್ಪ ಆಗೀನಿ. ದಾನೇಶ್ವರಿ ಎಲ್ಲವನ್ನೂ ಓದಿ ನಗುತ್ತಾರೆ, ಆಮೇಲೆ ಪಟ್ಟಿಯನ್ನು ಕೆಳಗೆ ಮೇಲೆ ಸರಿಸಿ ಆ ಒಂದು ಹೆಸರು ಹುಡುಕುತ್ತಾರೆ.

ಪಂಚಮಿಯ ದಿನ ಮಳೆ ಬಿಡುವು ಕೊಟ್ಟಿದೆ. ಹಿತ್ತಲ ಬೇವಿನ ಗಿಡಕ್ಕೆ ಜೋಕಾಲಿ ಬಿದ್ದಿದೆ. ಶಹಾಬಾದದಿಂದ, ವಾಡಿಯಿಂದ ಬಂದವರು ಗಾಡಿಯಲ್ಲೇ ಒಬ್ಬರನ್ನೊಬ್ಬರು ಗುರುತು ಹಿಡಿದು, ಸ್ಟೇಷನ್ನಿನಿಂದ ಮಾತಾಡುತ್ತಲೇ ಬಂದಿದ್ದಾರೆ. ಶಹರಬಾನು ದಂಡೋತಿಯ ಹೊಳೆಯನ್ನು ಫೋನಿನಲ್ಲಿ ತೋರಿಸುತ್ತಿದ್ದಾಳೆ, ನಿಜಕ್ಕೂ ಇಳಿದಿದೆ. ದೇವಿಕಾ ಉಂಡಿಯ ಡಬ್ಬಿ ಹಿಡಿದು ನಿಂತಿದ್ದಾಳೆ. ನಿಲಯದ ಈಗಿನ ಹುಡುಗಿಯರು ಈ ಅಕ್ಕಂದಿರ ಗದ್ದಲಕ್ಕೆ ಬೆರಗಾಗಿ ಮೆಟ್ಟಿಲ ಮೇಲೆ ಸಾಲಾಗಿ ಕುಳಿತಿದ್ದಾರೆ. ಸದಾ ತಮಗೆ ಶಿಸ್ತು ಹೇಳುವ ಗೋಡೆಗಳ ನಡುವೆ ಮೂವತ್ತು ದಾಟಿದ ಹೆಂಗಸರು ಜೋಕಾಲಿ ಸರದಿಗೆ ಜಗಳಾಡುವುದನ್ನು ಅವರು ಎಂದೂ ಕಂಡಿಲ್ಲ.

ದಾನೇಶ್ವರಿ ಒಂದು ಕಡೆ ನಿಲ್ಲುವುದಿಲ್ಲ. ಬಂದವರ ಕಾಲಿಗೆ ನೀರು, ಕೈಗೆ ಅಳ್ಳು. ನಡುನಡುವೆ ಕಂಪ್ಯೂಟರಿನ ಕೋಣೆಗೆ ಹೋಗಿ ಬರುತ್ತಾರೆ. ಜೋಕಾಲಿಗೆ ಬಾ ಎಂದು ಎಳೆದವರಿಗೆ, ಕರೆದವರು ಆಡಬಾರದು, ಬಂದವರು ಆಡಬೇಕು ಎಂದು ಹೇಳಿ ತಪ್ಪಿಸಿಕೊಳ್ಳುತ್ತಾರೆ. ಮಧ್ಯಾಹ್ನದ ಪಂಕ್ತಿ ಏಳುತ್ತದೆ. ಶಿವಕಾಂತಮ್ಮ ಒಲೆಯ ಪಕ್ಕ ಬಟ್ಟೆ ಮುಚ್ಚಿದ ಒಂದು ತಾಟು ಬೇರೆ ಇಟ್ಟಿದ್ದಾರೆ. ಅದನ್ನು ಯಾರೂ ಮುಟ್ಟುವುದಿಲ್ಲ. ತಾಂಡೂರಿನ ಕಡೆಯಿಂದ ಬರುವ ಪ್ಯಾಸೆಂಜರ್ ಕೂಗಿ ಹೋದದ್ದು ಎಲ್ಲರ ಕಿವಿಗೂ ಬೀಳುತ್ತದೆ. ದೇವಿಕಾ ಗೇಟಿನ ಕಡೆ ನೋಡುತ್ತಾಳೆ.

ಸ್ವಲ್ಪ ಹೊತ್ತಿಗೆ ಗೇಟಿನ ಆಚೆ ಒಬ್ಬ ಹೆಂಗಸು ಬಂದು ನಿಲ್ಲುತ್ತಾಳೆ. ಬಗಲಲ್ಲಿ ಚೀಲ, ಕೈಯಲ್ಲಿ ಬುತ್ತಿ. ಒಳಗೆ ಬರುವುದಿಲ್ಲ. ಓಡಿಬಂದ ದೇವಿಕಾಳನ್ನು ಕೈಯಲ್ಲೇ ತಡೆದು, "ನಿಲ್ಲಕ್ಕಾ. ನನ್ನ ಕರದೋರು ಯಾರು, ಮೊದ್ಲ ಅವ್ರ ಮಾರಿ ನೋಡ್ತೀನಿ," ಎನ್ನುತ್ತಾಳೆ.

ದಾನೇಶ್ವರಿ ಕೈಯಲ್ಲಿದ್ದ ಅಳ್ಳಿನ ಮೊರವನ್ನು ಕೆಳಗಿಟ್ಟು ಮುಂದೆ ಬರುತ್ತಾರೆ. "ನಾನೇ ನೋಡವ್ವಾ. ಹೋದ ವರ್ಷ ಕರೀಲಾರ್ದಾಕೀನೂ ನಾನೇ."

ಲಕ್ಷ್ಮಿ ಅವರನ್ನು ನೆತ್ತಿಯಿಂದ ಅಂಗಾಲಿನವರೆಗೆ ನೋಡುತ್ತಾಳೆ. ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ದನಿ ಬರುತ್ತದೆ. "ಗೇಟಿನಾಗ ನಿಂತು ಪಂಚಾಯ್ತಿ ಮಾಡಬ್ಯಾಡ್ರಿ. ಅಂಚು ಸುಟ್ಟದ್ದು ಆರಲಿಕತ್ತದ. ಉಣ್ಣು ಮೊದ್ಲ, ಜಗಳ ಉಂಡ ಮ್ಯಾಲ ಆಡಮು."

ಲಕ್ಷ್ಮಿಯ ಬಿಗಿದ ಮುಖ ಅಲ್ಲೇ ಸಡಿಲಾಗುತ್ತದೆ. ಚೀಲವನ್ನು ದೇವಿಕಾಳ ಕೈಗೆ ಕೊಟ್ಟು ಚಪ್ಪಲಿ ಬಿಡುತ್ತಾಳೆ. ಕಾಲಿಗೆ ನೀರು ಹಾಕುತ್ತ ದಾನೇಶ್ವರಿ ಕೇಳಿಯೇ ಬಿಡುತ್ತಾರೆ, ಒಂದು ಸಾಲು ಉತ್ತರ ಬರೆದಿದ್ದರೆ ಏನಾಗುತ್ತಿತ್ತು ಎಂದು.

"ತವರಿನ ಕರೆಗಿ ಯಾರರ ಉತ್ತರ ಬರೀತಾರೇನಕ್ಕಾ?" ಎನ್ನುತ್ತಾಳೆ ಲಕ್ಷ್ಮಿ. "ಬುತ್ತಿ ಕಟಗೊಂಡು ಬರ್ತಾರ."

ಸಂಜೆ ಇಳಿಬಿಸಿಲು ಅಂಗಳದ ಕಲ್ಲುಗಳ ಮೇಲೆ ಬಿದ್ದಿದೆ. ದಾನೇಶ್ವರಿ ಮತ್ತೆ ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ಬರಲಾಗದವರಿಗೆ ಉಂಡಿ ಕಳಿಸಲು ಅಂಚೆಯ ವಿಳಾಸ ಕೇಳಿ ಬರೆಯಬೇಕು. ಇಷ್ಟು ಮಾಡಿದವರಿಗೆ ನಿಲಯ ಏನು ಮಾಡಬೇಕು ಎಂದು ಯಾರೋ ಕೇಳುತ್ತಾರೆ. ಹೊಸ ಕಂಪ್ಯೂಟರ್ ಎನ್ನುತ್ತಾರೇನೋ ಎಂದು ಎಲ್ಲರೂ ಕಾಯುತ್ತಾರೆ. ಅವರು ನಾಚಿಕೊಂಡವರಂತೆ ಹೇಳುತ್ತಾರೆ.

"ನಾನೂ ಇಲ್ಲೇ ಓದ್ದಾಕಿರಿ. ಎರಡನೇ ಕೋಣಿ. ನಾನೂ ಈ ಮನಿ ಮಗಳೇ. ಎಲ್ಲಾರಿಗೂ ನಾನೇ ಕರೆ ಕಳಸ್ತೀನಿ, ಅದಕ್ಕ ನನಗೊಂದು ಬರೋದೇ ಇಲ್ಲ ನೋಡ್ರಿ. ಬರೋ ವರ್ಷ ಯಾರರ ನನ್ನ ಹೆಸರಿಗೊಂದು ಕಳಿಸಿದ್ರ ಸಾಕು."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಲಕ್ಷ್ಮಿ ಒಳಗೆ ಬರುತ್ತಾಳೆ. "ಬರೋ ವರ್ಷ ಯಾಕ? ಸರೀರಿ ಅಕ್ಕಾ," ಎಂದು ಅವರನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕುಳಿತುಕೊಳ್ಳುತ್ತಾಳೆ. ಹಳೆಯ ಪತ್ರಗಳ ಕಡೆಗೆ ಸರಿಸುತ್ತ ಸರಿಸುತ್ತ, ಕೊನೆಗೆ ಕೆಲಸ ಕೇಳಿ ದಾನೇಶ್ವರಿ ಯಾರ ಕೈಯಿಂದಲೋ ಟೈಪ್ ಮಾಡಿಸಿ ಗುರುಲಿಂಗಯ್ಯನವರಿಗೆ ಕಳಿಸಿದ ಅರ್ಜಿ ಸಿಗುತ್ತದೆ. ಗಂಡನ ಮನೆ ಸೇರಿ ಎಷ್ಟೋ ವರ್ಷವಾದ ಮೇಲೆ ಬರೆದದ್ದು. ಆದರೆ ವಿಳಾಸ ಓದುವಾಗ ಮಾಡಿಸಿದ್ದು, ಅದರಲ್ಲಿ ಭಂಕೂರವೇ ಇದೆ. ಲಕ್ಷ್ಮಿ ಅದನ್ನು ಎತ್ತುತ್ತಾಳೆ. ಹಿಂದೆ ನಿಂತ ದಾನೇಶ್ವರಿಗೆ ಸುಮ್ಮನಿರಲಾಗುವುದಿಲ್ಲ. ಮೊದಲು ನೋಟ್‌ಪ್ಯಾಡಿನಲ್ಲಿ ಹಾಕು, ಬಾಲ ನೋಡು ಎನ್ನುತ್ತಾರೆ. ಲಕ್ಷ್ಮಿ ಬಾಲ ನೋಡಿ, ಇಟ್ಟು, ಅಡುಗೆಮನೆಯ ಕಡೆ ತಿರುಗಿ ಕೂಗುತ್ತಾಳೆ.

"ದಾನೇಶ್ವರಿ, ಭಂಕೂರ."

ಒಳಗೆ ತಾಟು ತೊಳೆಯುವ ಸದ್ದು ನಿಲ್ಲುತ್ತದೆ. "ಕಲ್ಲ ಹಾಸೋ ಚಂದ್ರಾಮಪ್ಪನ ಮಗಳು. ಕರದೋರು ಆಡಬಾರ್ದಂತ ಸುಳ್ಳ ಹೇಳ್ತಾಳ, ಜೋಕಾಲಿಗಿ ಅಂಜಾಕಿ ಅಕಿ, ಸಣ್ಣಾಕಿದ್ದಾಗಿಂದ. ಅಂಜಬ್ಯಾಡ, ನಾ ಹಿಂದ ನಿಂತು ಹಗರಕ ತೂಗ್ತೀನಿ, ಬಾ ಅಂತ ಬರಿ."

ಕೋಣೆ ತುಂಬ ನಗು. ಲಕ್ಷ್ಮಿ ಅದನ್ನು ಅಕ್ಷರಕ್ಕೆ ಅಕ್ಷರ ಬರೆದು ಕಳಿಸುತ್ತಾಳೆ. ಮರುಗಳಿಗೆಯಲ್ಲಿ ದಾನೇಶ್ವರಿಯ ಸೊಂಟಕ್ಕೆ ಸಿಕ್ಕಿಸಿದ ಫೋನ್ ಟಿಣ್ ಎನ್ನುತ್ತದೆ. ಅವರು ಫೋನ್ ತೆಗೆದು ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದುತ್ತಾರೆ, ತಾವೇ ಈಗ ಕೇಳಿದ ಮಾತನ್ನು ಹೊಸದೆಂಬಂತೆ ಓದುತ್ತಾರೆ. ಉತ್ತರ ಬರೆಯುವುದಿಲ್ಲ. ಸೆರಗು ಸೊಂಟಕ್ಕೆ ಬಿಗಿದು ಹಿತ್ತಲ ಕಡೆ ನಡೆಯುತ್ತಾರೆ. ಬೇವಿನ ಗಿಡದ ಕೆಳಗೆ ಹಗ್ಗ ಹಿಡಿದು ನಿಂತ ಹೆಂಗಸರು ತಾವಾಗಿಯೇ ದಾರಿ ಬಿಡುತ್ತಾರೆ.

"ಸರೀರಿ," ಎನ್ನುತ್ತಾರೆ ದಾನೇಶ್ವರಿ, ಹಲಗೆಯ ಮೇಲೆ ಕುಳಿತು ಎರಡೂ ಹಗ್ಗ ಗಟ್ಟಿಯಾಗಿ ಹಿಡಿದುಕೊಳ್ಳುತ್ತ. "ನನಗ ಕರೆ ಬಂದದ."